ಮಾಲೆ ಹಾಕಿದವನ ಚೀಟಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಯಸಳೂರಿನ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ಆ ವರ್ಷ ನಮ್ಮ ಸ್ಟೋರ್‌ಕೀಪರ್ ಶಬರಿಮಲೆಗೆ ಮಾಲೆ ಹಾಕಿದ್ದ. ವ್ರತ ಮುಗಿಯುವವರೆಗೆ ಅವನ ಬಾಯಿಂದ ಸುಳ್ಳು ಬರುವಂತಿರಲಿಲ್ಲ. ಕೈಯಿಂದ ಬರಬಹುದೆಂದು ಅವನು ನಂಬಿದ್ದನೆಂಬುದು ನನಗೆ ಆಮೇಲೆ ತಿಳಿಯಿತು.

ಒಂದು ಸಂಜೆ ಅವನು ಸ್ಟೋರಿನ ಬಾಗಿಲು ಹಾಕದೆ ಭಜನೆಗೆ ಹೋದ. ಅಕಾಲದ ಮಳೆ ಹೊಡೆದು ಒಣಗಿಸಿಟ್ಟ ಕಾಳುಮೆಣಸೆಲ್ಲ ನೆನೆಯಿತು. ಮರುದಿನ ಮ್ಯಾನೇಜರರ ಮೇಜಿನ ಮೇಲೆ ಅವನ ಕೈಬರಹದ ಚೀಟಿಯಿತ್ತು: 'ಬಾಗಿಲು ತೆರೆದಿಟ್ಟು ಹೋದವರು ರೈಟರ್.' ಹನ್ನೊಂದು ವರ್ಷದ ನನ್ನ ಕೆಲಸ ಆ ಚೀಟಿಗೆ ತೂಗುಬಿದ್ದಿತು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದಾಗ, "ಅವನೇ ಇದನ್ನು ಗಟ್ಟಿಯಾಗಿ ಓದಲಿ," ಎಂದೆ.

ಅವನು ಚೀಟಿ ಹಿಡಿದು ಬಾಯಿ ತೆರೆದ, ಮುಚ್ಚಿದ. "ಆಗಲ್ಲ ಸಾರ್. ಕೊಳ್ಳಲ್ಲಿ ಮಾಲೆ ಐತೆ. ಓದಿದ್ರೆ ಸುಳ್ಳಾಡಿದಂಗೆ ಆಯ್ತದೆ."

"ಬರೆಯೋವಾಗ ಮಾಲೆ ಇರ್ಲಿಲ್ವೇನಯ್ಯಾ?" ಎಂದರು ಮ್ಯಾನೇಜರ್.

"ಬರ್ದಿದ್ದು ಕೈ ಕಣ್ರೀ ಸಾರ್. ಮಾತಾಡೋದು ಬಾಯಲ್ವ್ರಾ?"

ಮ್ಯಾನೇಜರ್ ಎದ್ದು ನಿಂತರು, ಆದರೆ ನನಗಾಗಿ ಅಲ್ಲ. "ಕೆಲ್ಸ ಹೋಗ್ತದೆ ಅಂತ ಗೊತ್ತಿದ್ರೂ ಸುಳ್ಳಾಡ್ಲಿಲ್ಲ ನೋಡ್ರಿ! ಇಂಥೋರು ಎಲ್ಲಿ ಸಿಗ್ತಾರೆ ಮಾರಾಯ್ರೆ?" ಎಂದು ಅವನಿಗೆ ಕೈಮುಗಿದು, "ಸ್ವಾಮಿ" ಎಂದು ಕರೆದು, ಅಂದಿನವರೆಗೆ ನನ್ನಲ್ಲಿದ್ದ ಆಫೀಸಿನ ಬೀಗದ ಕೈಯನ್ನು ಅವನಿಗೆ ಒಪ್ಪಿಸಿದರು.

ನನ್ನ ಕೆಲಸವೇನೋ ಉಳಿಯಿತು. ಆದರೆ ಅಂದಿನಿಂದ ನಾನು ಬರೆದುದನ್ನೆಲ್ಲ ಸ್ವಾಮಿಯ ಎದುರು ಓದಿ ಹೇಳಬೇಕೆಂದು ಆಜ್ಞೆಯಾಯಿತು. ಮಾಲೆ ತೆಗೆದ ಮೇಲೂ ಅವನು ಕಣ್ಣು ಮುಚ್ಚಿ, ತಲೆದೂಗಿ ಕೇಳುತ್ತಿದ್ದ. ತಪ್ಪಾಯಿತೆಂದು ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ಬರೆಯಲೂ ಇಲ್ಲ.