ಜಿಪ್ ಹೋದ ಬ್ಯಾಗು

ತುಮಕೂರಿನ ಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದ ಗಿರಿಜಾಂಬ ಮೇಡಂ ಗುಬ್ಬಿಯಿಂದ ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ಆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ನಿಂತ ಕಾಲೇಜು ಹುಡುಗಿಯರು ಕೂತವರ ತೊಡೆಯ ಮೇಲೆ ತಮ್ಮ ಬ್ಯಾಗು ಇಡುವುದು ವಾಡಿಕೆ. ಹಾಗೆ ಬಂದ ಬ್ಯಾಗುಗಳನ್ನು ಹೊರಗಿನಿಂದಲೇ ಒತ್ತಿ ನೋಡಿ ಆ ಹುಡುಗಿಯರ ಜಾತಕ ಹೇಳುವುದು ಮೇಡಂ ಚಾಳಿ. ಬ್ಯಾಗು ಹಗುರವಿದ್ದರೆ ಸೋಮಾರಿ, ಊಟದ ಡಬ್ಬಿ ದೊಡ್ಡದಿದ್ದರೆ ಹೊಟ್ಟೆಬಾಕಿ. ಒಮ್ಮೆ ಕೋಮಲಾ ಎಂಬ ಪಿಯುಸಿ ಹುಡುಗಿಯ ಬ್ಯಾಗು ತಡವಿ, "ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬ! ಏನಮ್ಮ, ಕಾಲೇಜಿಗೆ ಹೋಗ್ತಿದೀಯೋ ಮದ್ವೆ ಮನೆಗೋ?" ಎಂದುಬಿಟ್ಟರು. ಬಸ್ಸೆಲ್ಲ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು.

ಒಂದು ಸಂಜೆ ಮೇಡಂಗೆ ಸೀಟು ಸಿಗಲಿಲ್ಲ. ಕಿಟಕಿ ಪಕ್ಕ ಕೂತಿದ್ದ ಕೋಮಲಾ ಕೈಚಾಚಿ ಅವರ ಬ್ಯಾಗು ಇಸಿದುಕೊಂಡಳು. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಹಳೇ ಜಿಪ್ಪು ಬಿಟ್ಟುಕೊಂಡಿತು. ಒಳಗಿದ್ದದ್ದು ಸ್ಕೂಲಿನ ಮೊಹರು ಬಿದ್ದ, ಗುಟ್ಟಾಗಿ ಎತ್ತಿಕೊಂಡು ಬಂದ ಬಣ್ಣದ ಸೀಮೆಸುಣ್ಣದ ಡಬ್ಬಗಳು. ಅವನ್ನು ಪುಡಿ ಮಾಡಿಯೇ ಮೇಡಂ ಮನೆ ಮುಂದೆ ರಂಗೋಲಿಗೆ ಬಣ್ಣ ತುಂಬುತ್ತಿದ್ದರು.

ಕೋಮಲಾ ನೋಡಿದ್ದು ಮೇಡಂಗೆ ಕಂಡಿತು. ಇನ್ನು ಬಸ್ಸಿಗೆಲ್ಲ ಡಂಗುರವೆಂದುಕೊಂಡರು. ಹುಡುಗಿ ಮಾತ್ರ ತನ್ನ ವೇಲನ್ನು ಬ್ಯಾಗಿನ ಬಾಯಿಗೆ ಮುಚ್ಚಿ, "ಜಿಪ್ ಹೋಗೈತೆ ಮೇಡಂ. ಯಾರ್ಗೂ ಕಾಣಲ್ಲ ಬುಡಿ," ಎಂದು ಪಿಸುಗುಟ್ಟಿದಳು. ಅವಳು ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಮೇಡಂಗೆ.

ಮನೆ ಮುಟ್ಟಿದ ಮೇಡಂ ಒಂದು ಕೊಡ ನೀರು ತಂದು, ಬೀದಿಯವರೆಲ್ಲ ಹೊಗಳುತ್ತಿದ್ದ ಆ ರಂಗೋಲಿಯ ಮೇಲೆ ಸುರಿದರು. ಬಣ್ಣವೆಲ್ಲ ಕರಗಿ, ಎಲ್ಲರಿಗೂ ಕಾಣುವಂತೆ, ಬೀದಿಗುಂಟ ಹರಿಯಿತು.