ಸುಶೀಲಕ್ಕನ ಅವರೆ ಬೀಜ

ಸುಶೀಲಕ್ಕನ ಅವರೆಯ ತಳಿಯನ್ನು ಹಾಳು ಮಾಡಿದವಳು ನಾನು. ಮಾಡಿ, ಬಚ್ಚಿಟ್ಟವಳೂ ನಾನೇ.

ಅಕ್ಕ ನನ್ನ ಓರಗಿತ್ತಿ. ಕೃಷ್ಣಮೂರ್ತಿಪುರಂನ ಒಂದೇ ಮನೆಯಲ್ಲಿ ನಮ್ಮಿಬ್ಬರ ಸಂಸಾರ. ಅವರ ತವರಿನ ಹೊಲ ಬಡಾವಣೆಯಾಗಿಹೋಗಿತ್ತು, ತಾಯಿಯೂ ತೀರಿಕೊಂಡಿದ್ದರು. ಉಳಿದದ್ದು ಆ ತಾಯಿ ಕೊಟ್ಟಿದ್ದ ಚಪ್ಪರದವರೆ ಬೀಜ. ಆ ವರ್ಷ ಅದಕ್ಕೂ ಹುಳ ಬಿದ್ದಿತ್ತು. ಚೆನ್ನಾಗಿದ್ದ ನಾಲ್ಕಾರು ಕಾಳನ್ನೆಲ್ಲ ಹಿತ್ತಲಲ್ಲಿ ಊರಿ, ಅಕ್ಕ ಮಗಳ ಬಾಣಂತನಕ್ಕೆ ಹೊರಟರು.

"ಸಗಣಿಗೊಬ್ಬರ ಬಿಟ್ಟು ಇನ್ನೇನೂ ಹಾಕ್ಬೇಡ ಕಣೆ. ನಿನ್ ಕೈಲಿ ಗಿಡ ಬರೋದೇ ಕಷ್ಟ," ಎಂದು ನಕ್ಕರು.

ಆ ನಗು ಚುಚ್ಚಿತು — ಇಷ್ಟೇ ಕಾರಣ. ಯೂರಿಯಾ ತಂದು ಬುಡಕ್ಕೆ ಹಾಕಿದೆ. ಬಳ್ಳಿ ಚಿಗುರಿದ್ದು ಕಂಡು ಮತ್ತೆ ಹಾಕಿದೆ. ಚಪ್ಪರವೇ ಕಾಣದಷ್ಟು ಎಲೆ, ಕಡುಹಸಿರು. ಫೋಟೊ ಕಳಿಸಿದೆ. ಅಕ್ಕ ಕೂಡಲೇ ಫೋನ್ ಮಾಡಿದರು: "ಎಲೆ ಅತಿಯಾಯ್ತಲ್ಲೇ. ಏನಾರ ಹಾಕಿದ್ಯಾ?"

"ಬರೀ ಸಗಣಿ ಹಾಕಿರೋದು ಅಕ್ಕ."

ಆ ಮಾತಿನಿಂದ ಹೊರಬರಲು ನನಗೆ ಆಗಲೇ ಇಲ್ಲ. ಪಕ್ಕದ ಮನೆಯ ಬಳ್ಳಿ ಹೂ ಬಿಟ್ಟಿತು. ನಮ್ಮದು ಎಲೆಯನ್ನೇ ಬಿಡುತ್ತಿತ್ತು. ತಡವಾಗಿ ಬಂದ ಹೂವೂ ಉದುರಿತು. ಉಳಿದ ಒಂದೆರಡು ಕಾಯಿ ಬಿಡಿಸಿದರೆ — ಒಳಗೆ ಕಾಳೇ ಕಟ್ಟಿರಲಿಲ್ಲ. ಅಕ್ಕ ಬರುವ ಮುಂಚೆ ಮಾರ್ಕೆಟ್ಟಿನಿಂದ ಅದೇ ಬಣ್ಣದ ಬೀಜ ತಂದು ಅವರ ಡಬ್ಬಿಗೆ ತುಂಬಿದೆ.

"ಪರವಾಗಿಲ್ವೇ, ಉಳಿಸ್ಬುಟ್ಟೆ," ಎಂದು ಅಕ್ಕ ನನ್ನ ಕೆನ್ನೆ ಸವರಿದರು.

ಅಂದಿನಿಂದ ಪ್ರತಿ ವರ್ಷ ಅದನ್ನೇ ಬಿತ್ತಿದರು. ಅಮ್ಮನದು ಎಂದು ಮಗಳಿಗೆ, ನೆಂಟರಿಗೆ ಹಂಚಿದರು. ಪೊಟ್ಟಣ ಕಟ್ಟಿಕೊಡುವವಳು ನಾನೇ. ಈ ಸಲ ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಸುಳ್ಳು ಇನ್ನೊಂದು ಮನೆ ಸೇರಿರುತ್ತಿತ್ತು — ಇನ್ನು ಹೇಗೆ ಹೇಳಲಿ?

ಈ ಚಳಿಗಾಲದಲ್ಲಿ ಇಬ್ಬರೂ ಕೂತು ಕಾಯಿ ಬಿಡಿಸುತ್ತಿದ್ದೆವು. ಅಕ್ಕ ಬೆರಳು ಮೂಸಿ ನೋಡಿದರು.

"ಸೊಗಡೇ ಗೊತ್ತಾಗಲ್ಲ ಕಣೆ ನಂಗೆ. ಅಮ್ಮನ ಅವರೆ ಬೇಯ್ತಿದ್ರೆ ಬೀದಿಗೆಲ್ಲ ಗಮಗಮ ಅನ್ನೋದು. ಮೂಗೇ ಹೋಯ್ತೇನೋ, ಡಾಕ್ಟ್ರಿಗೆ ತೋರಿಸ್ಬೇಕು."

ಇಷ್ಟು ವರ್ಷ ಅಕ್ಕ ತಮ್ಮ ಮೂಗನ್ನೇ ಅನುಮಾನಿಸಿಕೊಂಡು ಬಂದಿದ್ದರು.

"ನಿಮ್ ಮೂಗು ಸರಿಯಾಗೇ ಇದೆ ಅಕ್ಕ," ಎಂದೆ. ಯೂರಿಯಾದಿಂದ ಮಾರ್ಕೆಟ್ಟಿನ ಬೀಜದವರೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ —

ಅವರು ಮೊರದಲ್ಲಿದ್ದ ಕಾಳನ್ನೇ ನೋಡುತ್ತಾ ಕೇಳಿದರು: "ಹಂಗಾದ್ರೆ, ಅಮ್ಮಂದು ಒಂದು ಕಾಳೂ ಉಳಿದಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅಕ್ಕ ಎದ್ದು ಒಳಗೆ ಹೋದರು. ಉಳಿದ ಕಾಯಿಯನ್ನು ನಾನೊಬ್ಬಳೇ ಬಿಡಿಸಿದೆ.