ಖಾಲಿ ಬಿಡಲಾರದ ಹಂಡೆ

ನಮ್ಮ ಮಹಾದೇವಿಗೆ ಕೆಲಸ ಸಿಕ್ಕಿತು! ಸಿಕ್ಕೇಬಿಟ್ಟಿತು! ನನ್ನ ಮೊಮ್ಮಗಳು ಇನ್ನು ಮೇಲೆ ಮನೆಯಂಥ ಗಾಡಿಯ ಡ್ರೈವರ್. ಮನೆಯಂಥ ಎಂದು ಹೆಚ್ಚಿಸಿ ಹೇಳುತ್ತಿಲ್ಲ. ಅದರೊಳಗೆ ಮಂಚವಿದೆ, ಒಲೆಯಿದೆ, ಬಚ್ಚಲಿದೆ. ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ. ಎದುರಾಗದವರ ಮನೆಗೇ ಹೋಗಿ ಹೇಳಿದೆ. ಇನ್ನು ಉಳಿದವರು ನೀವು.

ಈ ಚಳಿಗಾಲದ ಮಾತಿದು. ಆದರೆ ನಾನು ಯಾರು ಎಂಬುದನ್ನು ಮೊದಲು ಹೇಳದಿದ್ದರೆ ನಡೆದದ್ದು ತಿಳಿಯುವುದಿಲ್ಲ. ನಾನು ಕಲಿತದ್ದು ಎರಡನೇ ಕ್ಲಾಸು. ದುಡಿದದ್ದು ಶಹಾಪುರದ ಒಂದು ಮದುವೆ ಮಂಟಪದಲ್ಲಿ, ಬಿಸಿನೀರಿನ ಒಲೆಯ ಮುಂದೆ. ಮೊದಲು ತಾಮ್ರದ ಹಂಡೆಗಳು, ಆಮೇಲೆ ಕಬ್ಬಿಣದ ಬಾಯ್ಲರ್. ಸಣ್ಣ ಕೆಲಸವೆಂದು ತಿಳಿಯಬೇಡಿ. ಹೋಳಿಗೆಗೆ ಬೆಲ್ಲ ಕಡಿಮೆಯಾದರೆ ಬೀಗರು ಮುಖ ಕಿವುಚಿಕೊಂಡಾದರೂ ಉಣ್ಣುತ್ತಾರೆ. ಬಿಸಿನೀರು ಕಡಿಮೆಯಾದರೆ ಟವೆಲ್ ಸುತ್ತಿಕೊಂಡು ನಿಂತಲ್ಲೇ ಜಗಳ ತೆಗೆಯುತ್ತಾರೆ. ಟವೆಲ್ ಸುತ್ತಿಕೊಂಡ ಬೀಗನನ್ನು ಸಮಾಧಾನ ಮಾಡುವುದು ಯಾರ ಕೈಲೂ ಆಗದ ಕೆಲಸ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕೊನೆಗೆ ಸ್ನಾನ ಮಾಡಿದವರು ಹಂಡೆಗೆ ಒಂದು ಕೊಡ ನೀರು ಹಾಕಿಯೇ ಹೊರಬರಬೇಕು. ಖಾಲಿ ಹಂಡೆ ಶುಭವಲ್ಲ. ಅದೂ ದೀಪ ಹಚ್ಚುವ ಹೊತ್ತಿಗೆ ಹಂಡೆ ಬರಿದಾಗಿ ಕೂತಿದ್ದರೆ ಬರುವ ಲಕ್ಷ್ಮಿ ಬಾಗಿಲಿಂದಲೇ ತಿರುಗಿ ಹೋಗುತ್ತಾಳೆ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ನನಗೆ ಈ ಚಟ ಎಷ್ಟು ಅಂಟಿದೆಯೆಂದರೆ ಬೇರೆಯವರ ಮನೆಗೆ ಹೋದರೂ ಬಚ್ಚಲು ಇಣುಕಿ, ಹಂಡೆ ತುಂಬಿಸಿಯೇ ಚಹಾ ಕುಡಿಯುತ್ತೇನೆ.

ಈಗ ಮಹಾದೇವಿಯ ಸುದ್ದಿ. ಆಕೆ ಮೊದಲು ನಮ್ಮ ದೋರನಹಳ್ಳಿಯಲ್ಲಿ ಟ್ರ್ಯಾಕ್ಟರ್ ಹೊಡೆದಳು, ಆಮೇಲೆ ಸುರಪುರದಲ್ಲಿ ಶಾಲೆಯ ವ್ಯಾನ್ ಓಡಿಸಿದಳು. ಯಾದಗಿರಿಯ ಒಬ್ಬ ಮಾಲಕರು ಕ್ಯಾಂಪರ್ ಗಾಡಿ ತಂದಿದ್ದರು. ಪ್ರವಾಸಿಗರು ಅದರಲ್ಲೇ ಮಲಗಿ, ಅದರಲ್ಲೇ ಮಿಂದು, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದ ಕೋಟೆ ಎಂದು ತಿರುಗುತ್ತಾರೆ. ಗಾಡಿಗೆ ಡ್ರೈವರ್ ಬೇಕಾಗಿತ್ತು. ಮಹಾದೇವಿಯ ಜೊತೆಗೆ ವಡಗೇರಾದ ಒಬ್ಬ ಗಂಡಸೂ ಕೇಳಿದ್ದ.

ಮಾಲಕರು ಗಾಡಿಯನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ ಹೇಳಿದರು:

"ಓಡಸೂದು ನೋಡೀನವ್ವ, ಛಲೋ ಓಡಸ್ತಿ. ಗಾಡಿ ನೋಡ್ಕೊಳ್ಳೂದು ಬ್ಯಾರೇ ಮಾತು. ಹೋದ ಸಲ ಬಂದ ಮಂದಿ ಬಿಸಿನೀರು ಬರಂಗಿಲ್ಲ, ಬಂದ್ರ ಕೊಳತ ತತ್ತಿ ವಾಸನಿ ಹೊಡೀತದ ಅಂತ ಬೈದು ಹೋಗ್ಯಾರ. ನಾಳಿ ಹೊಸ ಮಂದಿ ಬರ್ತಾರ. ಇವತ್ತ ಸಂಜಿಗಿ ಬಂದು ನೋಡ್ತೀನಿ. ಹೀಟರ್ ಸುದ್ದ ಇದ್ರ ಕೀಲಿ ನಿಂದು. ಇಲ್ಲಂದ್ರ ವಡಗೇರಾಕ್ಕ ಫೋನ್ ಮಾಡ್ತೀನಿ."

ಹೀಟರ್ ಎಂದರೆ ಗಾಡಿಯ ಪಕ್ಕೆಯಲ್ಲಿ ಸಣ್ಣ ಬಾಗಿಲ ಹಿಂದೆ ಅಡಗಿದ ಒಂದು ಟಾಂಕಿ. ಗ್ಯಾಸಿನಿಂದಲೂ ಕಾಯುತ್ತದೆ, ಕರೆಂಟಿನಿಂದಲೂ ಕಾಯುತ್ತದೆ. ನನ್ನ ಕಣ್ಣಿಗೆ ಅದು ಅಡ್ಡ ಮಲಗಿಸಿದ ಹಂಡೆ.

ಮಹಾದೇವಿ ಕೆಲಸ ಶುರು ಮಾಡಿದ್ದು ನೋಡಬೇಕಿತ್ತು! ಮೊದಲು ಕರೆಂಟಿನ ಸ್ವಿಚ್ ಆರಿಸಿದಳು, ಗ್ಯಾಸ್ ಸಿಲಿಂಡರ್ ಬಂದ್ ಮಾಡಿದಳು, ನೀರಿನ ಪಂಪ್ ಆರಿಸಿದಳು. ಆಮೇಲೆ ಸುಮ್ಮನೆ ಕೂತಳು.

"ಯಾಕ ಕುಂತಿ? ಬಿಚ್ಚು," ಎಂದ ನನ್ನ ಗಂಡ ಭೀಮಣ್ಣ. ಮನೆಯಲ್ಲಿ ಎಲ್ಲರೂ ಆತನನ್ನು ಮುತ್ಯಾ ಎನ್ನುತ್ತಾರೆ.

"ಆರ್ಲಿ ಮುತ್ಯಾ. ಮಾಲಕರು ಈಗಷ್ಟೇ ಹಚ್ಚಿ ತೋರ್ಸ್ಯಾರ. ಒಳಗ ನೀರು ಸುಡ್ತಿರ್ತದ, ಒತ್ತಡಾನೂ ಇರ್ತದ. ಈಗ ಬಿಚ್ಚಿದ್ರ ನಿನ್ನ ಮೀಸಿ ಬೆಂದು ಕೈಗಿ ಬರ್ತಾವ."

ಮುತ್ಯಾ ಮೀಸೆಯ ಮೇಲೆ ಕೈಯಿಟ್ಟುಕೊಂಡು ಬೇವಿನ ಗಿಡದ ಆಚೆ ಹೋಗಿ ನಿಂತ.

ಟಾಂಕಿ ತಣ್ಣಗಾದ ಮೇಲೆ ಮೇಲಿನ ಸೇಫ್ಟಿ ವಾಲ್ವಿನ ಕಿವಿ ಎತ್ತಿ ಒತ್ತಡ ಬಿಟ್ಟಳು. ಆಮೇಲೆ ಪಕ್ಕಕ್ಕೆ ನಿಂತು ಕೆಳಗಿನ ಬಿರಡೆ ಬಿಚ್ಚಿದಳು. ಬಂತು ನೋಡಿ! ನೀರಲ್ಲ ಅದು, ಮಜ್ಜಿಗೆ. ಬೋರ್ ನೀರಿನ ಸುಣ್ಣವೆಲ್ಲ ಒಳಗೆ ಹೆಪ್ಪುಗಟ್ಟಿತ್ತು. ವಾಸನೆಗೆ ನಮ್ಮ ಆಡುಗಳೂ ಮುಖ ತಿರುಗಿಸಿದವು. ಬಿರಡೆಯ ಜೊತೆಗೆ ಒಂದು ಸರಳು ಹೊರಬಂತು, ಇಲಿ ತಿಂದ ಕಬ್ಬಿನಂತೆ.

"ಇದಕ್ಕ ಆನೋಡ್ ರಾಡ್ ಅಂತಾರ ಆಯಿ," ಎಂದಳು ನನಗೆ. "ನೀರು ಟಾಂಕಿ ತಿನ್ನಬಾರ್ದು ಅಂತ ಇದನ್ನ ತಿನ್ನಾಕ ಕೊಡ್ತಾರ. ತಾ ಸವದು ಟಾಂಕಿ ಉಳಸ್ತದ."

"ನನ್ನ ಮಣಕಾಲು ಹಿಂಗ ಆಗ್ಯಾವ," ಎಂದ ಮುತ್ಯಾ ದೂರದಿಂದ.

"ನೀ ಏನ್ ಉಳಿಸಿದ್ಯೋ?" ಎಂದೆ ನಾನು.

ಪೈಪಿನಿಂದ ನೀರು ಬಿಟ್ಟು, ಬಿಳಿ ಹಕ್ಕಳೆ ಬರುವುದು ನಿಲ್ಲುವವರೆಗೆ ಟಾಂಕಿ ತೊಳೆದಳು. ಹುಣಸೆಹುಳಿ ಹಾಕಿ ತಿಕ್ಕು ಎಂದೆ. ನಾರು ಸಿಕ್ಕಿಕೊಳ್ಳುತ್ತದೆ ಎಂದು ವಿನೆಗರ್ ಹಾಕಿದಳು. ಎರಡೂ ಹುಳಿಯೇ ಅಲ್ಲವೇ, ನನಗೇನೂ ಬೇಸರವಾಗಲಿಲ್ಲ. ಹೊಸ ಸರಳು ಗಾಡಿಯಲ್ಲೇ ಇತ್ತು. ಆದರೆ ಅದರ ತಿರುಪಿಗೆ ಸುತ್ತುವ ಬಿಳಿ ಟೇಪ್ ಇರಲಿಲ್ಲ. ಅದಿಲ್ಲದಿದ್ದರೆ ನೀರು ಜಿನುಗುತ್ತದಂತೆ. ಮಹಾದೇವಿ ಹೀಟರಿನ ಸ್ವಿಚ್ಚಿಗೆ ಯಾರೂ ಒತ್ತಬಾರದೆಂದು ಕೆಂಪು ಪಟ್ಟಿ ಅಂಟಿಸಿ, ಬೈಕ್ ಹತ್ತಿದಳು.

"ಶಹಾಪುರಕ್ಕ ಹೋಗಿ ಬರ್ತೀನಿ. ಟಾಂಕಿ ಖಾಲಿ ಅದ. ಯಾರೂ ಏನೂ ಮುಟ್ಟಬ್ಯಾಡ್ರಿ. ಆಯಿ, ನಿನಗೇ ಹೇಳಾಕತ್ತೀನಿ."

ಟಾಂಕಿ ಖಾಲಿ ಅದ. ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಹೊತ್ತು ಇಳಿಯತೊಡಗಿತ್ತು. ಮಗುವಿನ ಕೆಲಸ ನಿಶ್ಚಯವಾಗುವ ದಿನ, ದೀಪ ಹಚ್ಚುವ ಹೊತ್ತಿಗೆ, ಮನೆಯ ಮುಂದೆ ಬರಿದಾದ ಹಂಡೆ! ಸುಮ್ಮನಿರಲು ನೋಡಿದೆ. ದೇವರಾಣೆ, ಒಂದು ಎಲೆಅಡಿಕೆ ಜಗಿದು ಮುಗಿಯುವವರೆಗೆ ಸುಮ್ಮನಿದ್ದೆ.

ಆಮೇಲೆ ಗೊಂಜಾಳದ, ಅಂದರೆ ಮೆಕ್ಕೆಜೋಳದ, ಒಂದು ಒಣ ಬೆಂಡು ಹುಡುಕಿದೆ. ಕಾಳು ಉದುರಿಸಿದ ಮೇಲೆ ಉಳಿಯುತ್ತದಲ್ಲ, ಅದು. ಹಳೆ ಸೀರೆಯ ಚಿಂದಿ ಸುತ್ತಿ ಟಾಂಕಿಯ ತೂತಿಗೆ ಗುದ್ದಿ ಗುದ್ದಿ ಜಡಿದೆ. ಮುತ್ಯಾನ ಕೈಯಲ್ಲಿ ಗಾಡಿಯ ನೀರಿನ ಬಾಯಿಗೆ ಕೊಡಗಟ್ಟಲೆ ನೀರು ಹೊಯ್ಯಿಸಿದೆ. ಮಹಾದೇವಿ ಒತ್ತಿದ್ದನ್ನು ನೋಡಿದ್ದೆನಲ್ಲ, ಪಂಪ್ ಹಚ್ಚಿದೆ. ಬಾಯ್ಲರಿನ ಅನುಭವ ಎಲ್ಲಿ ಹೋಗುತ್ತದೆ? ಬಿಸಿನೀರಿನ ನಲ್ಲಿ ತೆರೆದು ಒಳಗಿನ ಗಾಳಿ ಬಿಟ್ಟೆ. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧಾರೆ ಬಂತು. ಪಂಪ್ ಆರಿಸಿ, ನಲ್ಲಿ ಬಂದ್ ಮಾಡಿದೆ. ಮನಸ್ಸು ತುಂಬಿತು.

"ಹುಡುಗಿ ಬೈತಾಳ ನೋಡು," ಎಂದ ಮುತ್ಯಾ.

"ಲಕ್ಷ್ಮಿ ಬೈಯೋದ್ಕಿಂತ ಛಲೋ."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾಲಕರು ಬರುವಾಗ ಗಾಡಿ ಲಕ್ಷಣವಾಗಿರಲಿ ಎಂದು ಒಳಗೆಲ್ಲ ಒರೆಸಿದೆ. ಸ್ವಿಚ್ಚಿನ ಮೇಲೆ ಕೆಂಪು ಪಟ್ಟಿ ಅಸಹ್ಯವಾಗಿ ಕಂಡಿತು. ಕಿತ್ತೆ. ಕಿತ್ತ ಜಾಗ ಬೋಳಾಗಿ ಕಂಡಿತು. ಅರಿಶಿನ ಕುಂಕುಮ ಹಚ್ಚಿದೆ.

ಮಹಾದೇವಿಗಿಂತ ಮೊದಲು ಮಾಲಕರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಯಾರದೋ ನಿಶ್ಚಿತಾರ್ಥ ಮುಗಿಸಿಕೊಂಡು ಬಂದಿದ್ದರು. ಕುಂಕುಮ ಹಚ್ಚಿದ ಸ್ವಿಚ್ ನೋಡಿ ಕೈ ಮುಗಿದರು.

"ಪೂಜಿನೂ ಆಗ್ಯದ! ಅಂದ್ರ ಕೆಲಸ ಮುಗದದ," ಎಂದವರೇ ಪಂಪ್ ಒತ್ತಿದರು, ಹೀಟರ್ ಒತ್ತಿದರು. ನಾನು ಚಹಾ ತಂದೆ. ಕುಡಿಯುತ್ತ ಹಿಂದಿನ ಪ್ರವಾಸಿಗರು ಬೈದದ್ದನ್ನೆಲ್ಲ ಮತ್ತೊಮ್ಮೆ ಹೇಳಿದರು. ಆಮೇಲೆ, "ವಾಸನಿ ಹೋಗ್ಯದೇನ್ ನೋಡೂನು," ಎಂದು ಹೊರಗೆ ಹೋಗಿ, ಸಣ್ಣ ಬಾಗಿಲು ತೆಗೆದು, ಮೂಗು ಮುಂದೆ ಮಾಡಿ ಕುಕ್ಕರಗಾಲಲ್ಲಿ ಕೂತರು.

"ಯಜಮಾನ್ರ, ಸ್ವಲ್ಪ ಸರೀರಿ..." ಎಂದು ಮುತ್ಯಾ ಹೇಳುವುದರೊಳಗೆ ಢಬ್ ಎಂದಿತು. ಬೆಂಡು ಹಾರಿ ಮಾಲಕರ ಹೊಟ್ಟೆಗೆ ಬಡಿಯಿತು. ಹಿಂದೆಯೇ ನೀರು. ಮಾಲಕರು ಅಂಗಾತ ಬಿದ್ದರು. ನಾನು "ಅಯ್ಯಯ್ಯೋ" ಎನ್ನುತ್ತ ಸೆರಗಿನಿಂದ ಅವರ ತಲೆ ಒರೆಸಲು ಓಡಿದೆ. ಮುತ್ಯಾ ಬೆಂಡು ಹುಡುಕಲು ಓಡಿದ.

ಆಗಲೇ ಮಹಾದೇವಿಯ ಬೈಕ್ ಬಂತು. ಬಿದ್ದ ಮಾಲಕರನ್ನು ನೋಡಿದಳು, ಹರಿಯುವ ನೀರನ್ನು ನೋಡಿದಳು, ಬೈಕನ್ನು ಅಲ್ಲೇ ಕೆಡವಿ ಮಾಲಕರನ್ನು ದಾಟಿ ಹಾರಿ ಗಾಡಿಯೊಳಗೆ ಹೋದಳು. ಹೀಟರ್ ಆರಿಸಿದಳು. ಆಮೇಲೆ ಪಂಪ್ ಆರಿಸಿದಳು. ಆಮೇಲೆ ಹೊರಗೆ ಬಂದು ಮಾಲಕರ ಕೈ ಹಿಡಿದು ಎಬ್ಬಿಸಿದಳು.

ಮಾಲಕರ ಕಣ್ಣು ಕೆಂಪಾಗಿತ್ತು. "ಮನಷಾ ಬಿದ್ದಾನ, ನೀ ಸ್ವಿಚ್ಚಿಗಿ ಓಡ್ತಿಯೇನು?"

"ನೀವು ತೊಯ್ಸಿಕೊಂಡ್ರ ಒಣಗತೀರಿ ಮಾಲಕ್ರ. ಟಾಂಕಿ ಖಾಲಿ ಆಗಿ ಒಳಗಿನ ಕಾಯಿಲ್ ಒಣಾ ಸುಟ್ರ, ನಾಳಿ ಬರೋ ಮಂದಿಗಿ ಏನ್ ಹೇಳ್ತೀರಿ? ಬಿರಡಿ ಇನ್ನಾ ಕೂಡಿಸಿಲ್ಲ. ಪಟ್ಟಿ ಅಂಟಿಸಿದ್ದೆ." ನನ್ನ ಕಡೆ ತಿರುಗಿದಳು. "ಆಯಿ, ಪಟ್ಟಿ ಎಲ್ಲಿ?"

ನಾನು ಆಕಾಶ ನೋಡಿದೆ.

"ಆದ್ರ ತುಂಬಿದ್ದು ಛಲೋ ಆತು," ಎಂದಳು ಮಹಾದೇವಿ ಹಲ್ಲು ಕಚ್ಚಿಕೊಂಡು. "ನಾ ಬಿಟ್ಟು ಹೋದಂಗ ಖಾಲಿ ಇದ್ದಾಗ ನೀವು ಒತ್ತಿದ್ರ, ನಾ ಬರೋದ್ರೊಳಗ ಕಾಯಿಲ್ ಕರ್ರಗ ಆಗ್ತಿತ್ತು."

ನನಗೆ ವಡಗೇರಾದ ಫೋನ್ ರಿಂಗಾಗುವುದು ಕೇಳಿಸಿದಂತೆಯೇ ಆಯಿತು. ಮಾಲಕರು ತಮ್ಮ ಒದ್ದೆ ತೋಳನ್ನು ಮೂಗಿನ ಹತ್ತಿರ ಒಯ್ದರು. ಮೂಸಿದರು. ಇನ್ನೊಂದು ತೋಳು ಮೂಸಿದರು.

"ವಾಸನಿ ಇಲ್ಲ," ಎಂದರು. ಅಂಗಿ ಹಿಂಡಿ ಕೈಮೇಲೆ ನೀರು ಬಿಟ್ಟುಕೊಂಡರು. "ಉಗುರು ಬೆಚ್ಚಗ ಅದ!"

ಒದ್ದೆ ಕಿಸೆಯಿಂದ ಕೀಲಿ ತೆಗೆದು ಮಹಾದೇವಿಯ ಕೈಯಲ್ಲಿಟ್ಟರು. "ನನ್ನ ದಾಟಿ ಹಾರಿ ಗಾಡಿ ಉಳಸಾಕ ಓಡಿದಿ. ಇಂಥಾ ಡ್ರೈವರ್‌ನ ನಾ ಎಲ್ಲಿ ಹುಡುಕ್ಲಿ? ಒಂದಽ ಮಾತು. ನಿಮ್ಮ ಆಯಿನ್ನ ಗಾಡಿ ಹತ್ತಸಬ್ಯಾಡ."

ಜೀವಮಾನವಿಡೀ ನೀರು ಕಾಯಿಸಿದ ನನಗೆ ಆ ಸಂಜೆ ಕಲಿಸಿದ್ದು ಇಷ್ಟು: ಉರಿ ಹಚ್ಚುವ ಮೊದಲು ನೀರು ನೋಡಬೇಕು, ಬಿಚ್ಚುವ ಮೊದಲು ಉರಿ ಆರಿಸಿ ತಣಿಯಲು ಬಿಡಬೇಕು. ಇವೆರಡೂ ನನಗೆ ಮೊದಲೇ ಗೊತ್ತಿದ್ದವು. ಹೊಸದಾಗಿ ಕಲಿತದ್ದು, ಇನ್ನೊಬ್ಬರು ಅಂಟಿಸಿದ ಕೆಂಪು ಪಟ್ಟಿಯೂ ಒಂದು ಕುಂಕುಮವೇ, ಅದನ್ನು ಅಳಿಸಬಾರದು.

ದೀಪ ಹಚ್ಚಿದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ನನ್ನ ಸೊಸೆ ಬಿಸಿ ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು. ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮುತ್ಯಾನ ಧೋತರ ಉಟ್ಟ ಮಾಲಕರು ನನ್ನ ಮಗನ ಪಕ್ಕ ಕೂತು ನಾಲ್ಕನೇ ರೊಟ್ಟಿಗೆ ಕೈಹಾಕಿದ್ದರು. ಮಹಾದೇವಿ ಕೈತೊಳೆದು ಕೊನೆಗೆ ಬಂದು ನನ್ನ ತಾಟಿನಲ್ಲೇ ಕೈಯಿಟ್ಟಳು. ನಾನು ತುತ್ತು ಎತ್ತಿದವಳು ಬಾಗಿಲಾಚೆ ನಿಂತ ಗಾಡಿಯ ಕಡೆ ನೋಡಿದೆ. ಬಿರಡೆ ಕೂಡಿಸಿದ್ದಳು, ಸರಿ. ಆದರೆ... ಏಳಲು ನೆಲಕ್ಕೆ ಕೈಯೂರಿದೆ.

ಮಹಾದೇವಿ ನನ್ನ ಸೆರಗು ಹಿಡಿದು ಕೆಳಗೆ ಎಳೆದಳು.

"ತುಂಬೀನಿ ಆಯಿ. ಉಣ್ಣು."